ಒಂದೇ ಅಳತೆಯ ಮೂರು ಅಭ್ಯಾಸಗಳು, ಮೂರು ಬೇರೆ ಬೇರೆ ಫಲಗಳು: ಕಾರಣವೇನಿರಬಹುದು?

ಪ್ರಶ್ನೆ: ಎರಡುಪುಟ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಾಗಿದೆ, ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ನನಗೆ ಈಗ 41 ವರ್ಷ. ದಿನದ ಬಹುಪಾಲು ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸ ನನ್ನದು. ಮೂವತ್ತು ದಾಟಿದಾಗಿನಿಂದ ಪ್ರತಿ ಹೊಸ ವರ್ಷಕ್ಕೂ ಒಂದು ದೊಡ್ಡ ಸಂಕಲ್ಪ ಮಾಡುವುದು, ಅದು ಎರಡನೆಯ ತಿಂಗಳನ್ನು ಕಾಣದೆ ಕಣ್ಣುಮುಚ್ಚುವುದು ನಡೆದುಕೊಂಡು ಬಂದಿತ್ತು. ನಸುಕಿನಲ್ಲಿ ಎದ್ದು ಒಂದು ಗಂಟೆ ಓಡಬೇಕು, ವರ್ಷಕ್ಕೆ 50 ಪುಸ್ತಕ ಓದಬೇಕು, ದಿನಚರಿ ಬರೆಯಬೇಕು, ಹೀಗೆ. ಆರಂಭಶೂರತ್ವ ಎಂಬ ಪದವನ್ನು ನನ್ನನ್ನು ನೋಡಿಯೇ ಯಾರೋ ಕಟ್ಟಿರಬೇಕು ಎಂದು ಮನೆಯವರು ತಮಾಷೆ ಮಾಡುತ್ತಿದ್ದರು.

ಹದಿನಾಲ್ಕು ತಿಂಗಳ ಹಿಂದೆ ದೊಡ್ಡ ಸಂಕಲ್ಪಗಳನ್ನೆಲ್ಲ ಕೈಬಿಟ್ಟು, ನಾಚಿಕೆಯಾಗುವಷ್ಟು ಚಿಕ್ಕದಾದ ಮೂರು ಕೆಲಸಗಳನ್ನು ಹಿಡಿದುಕೊಂಡೆ. ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಹತ್ತು ನಿಮಿಷ ನಡೆಯುವುದು, ರಾತ್ರಿ ಹಾಸಿಗೆಗೆ ಬಂದ ಮೇಲೆ ಎರಡು ಪುಟ ಓದುವುದು, ದೀಪ ಆರಿಸುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಆ ದಿನದ ಬಗ್ಗೆ ಒಂದು ಸಾಲು ಬರೆಯುವುದು. ನನಗೇ ಆಶ್ಚರ್ಯವಾಗುವಂತೆ, ಅಲ್ಲೊಂದು ಇಲ್ಲೊಂದು ದಿನ ಬಿಟ್ಟರೆ, ಮೂರೂ ಇಂದಿಗೂ ನಡೆಯುತ್ತಿವೆ.

ನನ್ನ ಗೊಂದಲ ಇರುವುದು ಫಲದಲ್ಲಿ. ಓದು ನಿಜಕ್ಕೂ ನನ್ನನ್ನು ಬದಲಿಸಿದೆ. ಎರಡು ಪುಟವೆಂದು ತೆರೆದದ್ದು ಎಷ್ಟೋ ರಾತ್ರಿ ಇಪ್ಪತ್ತಕ್ಕೆ ಹೋಗುತ್ತದೆ. ಹನ್ನೊಂದು ಪುಸ್ತಕಗಳು ಮುಗಿದಿವೆ, ಮಾತಿನಲ್ಲಿ, ಯೋಚನೆಯಲ್ಲಿ ವ್ಯತ್ಯಾಸ ಕಾಣುತ್ತಿದೆ ಎಂದು ಇತರರೂ ಹೇಳುತ್ತಾರೆ. ನಡಿಗೆಯಾದರೋ ಹತ್ತು ನಿಮಿಷವಾಗಿದ್ದದ್ದು ಹತ್ತೇ ನಿಮಿಷವಾಗಿ ಉಳಿದಿದೆ. ತೂಕ ಅಷ್ಟೇ ಇದೆ, ಮೂರನೆಯ ಮಹಡಿ ಹತ್ತುವಾಗಿನ ಏದುಸಿರೂ ಅಷ್ಟೇ ಇದೆ. ಇನ್ನು ಆ ಒಂದು ಸಾಲು: "ಕೆಲಸ ಹೆಚ್ಚಾಯಿತು, ನಿದ್ದೆ ಸಾಲಲಿಲ್ಲ" ಎಂಬುದನ್ನೇ ಹಿಂದೆಮುಂದೆ ಮಾಡಿ ಬರೆಯುತ್ತಾ ಬಂದಿದ್ದೇನೆ.

ಒಂದೇ ಮನುಷ್ಯ, ಒಂದೇ ಅವಧಿ, ಹೆಚ್ಚುಕಡಿಮೆ ಒಂದೇ ಅಳತೆಯ ಶ್ರಮ. ಆದರೂ ಒಂದು ಬೆಳೆಯಿತು, ಒಂದು ನಿಂತಲ್ಲೇ ನಿಂತಿತು, ಇನ್ನೊಂದು ಬರೀ ಶಾಸ್ತ್ರವಾಯಿತು. ಚಿಕ್ಕ ಅಭ್ಯಾಸಗಳು ದೊಡ್ಡ ಬದಲಾವಣೆ ತರುತ್ತವೆ ಎಂಬ ಮಾತು ನಿಜವೇ, ಅಥವಾ ಫಲ ಬಂದವರು ಮಾತ್ರ ಬರೆಯುವುದರಿಂದ ಹಾಗೆ ಕೇಳಿಸುತ್ತದೆಯೇ? 21 ದಿನದಲ್ಲಿ ಅಭ್ಯಾಸ ಕೂರುತ್ತದೆ ಎನ್ನುತ್ತಾರೆ. ನನಗೆ ನಡಿಗೆ ಮೈಗೂಡಲು ಮೂರು ತಿಂಗಳೇ ಹಿಡಿಯಿತು. ದಿನಕ್ಕೆ ಶೇಕಡಾ ಒಂದರಷ್ಟು ಉತ್ತಮಗೊಂಡರೆ ವರ್ಷಕ್ಕೆ 37 ಪಟ್ಟು ಎಂಬ ಲೆಕ್ಕವನ್ನೂ ಎಲ್ಲೆಡೆ ಕಾಣುತ್ತೇನೆ. ನನ್ನ ನಡಿಗೆಯಲ್ಲಿ ಆ 37 ಎಲ್ಲಿ ಹೋಯಿತು ಎಂಬುದು ತಿಳಿಯುತ್ತಿಲ್ಲ.

ಉತ್ತರ 1: ಕರಿಹಲಗೆ

ನಾನು ಹಲವು ವರ್ಷಗಳಿಂದ ಮನಃಶಾಸ್ತ್ರ ಪಾಠ ಮಾಡುತ್ತಿರುವವನು. ನಿಮ್ಮ ಪ್ರಶ್ನೆಯ ಒಂದು ಭಾಗಕ್ಕೆ ಸಾಕಷ್ಟು ಖಚಿತವಾದ ಉತ್ತರವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಈ 21 ದಿನದ ಮಾತಿನ ಮೂಲ ಅಭ್ಯಾಸಗಳ ಅಧ್ಯಯನವೇ ಅಲ್ಲ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ, ಶಸ್ತ್ರಚಿಕಿತ್ಸೆಯಾದ ಮೇಲೆ ರೋಗಿಗಳು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನಗಳಾದರೂ ಬೇಕಾಗುತ್ತವೆ ಎಂದು ತಾವು ಕಂಡದ್ದನ್ನು ಬರೆದಿದ್ದರು. ಬಾಯಿಂದ ಬಾಯಿಗೆ ದಾಟುವಾಗ "ಕನಿಷ್ಠ" ಎಂಬ ಪದ ಉದುರಿಹೋಯಿತು, ಮುಖ ಇದ್ದ ಜಾಗಕ್ಕೆ ಅಭ್ಯಾಸ ಬಂದು ಕುಳಿತಿತು.

ಇದನ್ನು ನೇರವಾಗಿ ಅಳೆದು ನೋಡಿದವರು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 96 ಮಂದಿ ತಲಾ ಒಂದು ಹೊಸ ಕೆಲಸವನ್ನು ಆರಿಸಿಕೊಂಡು, ಅದನ್ನು ದಿನದ ಒಂದು ನಿಶ್ಚಿತ ಸಂದರ್ಭದ ಬೆನ್ನಿಗೆ ಕಟ್ಟಿ, 12 ವಾರ ಮಾಡಿದರು. ಯೋಚಿಸದೆಯೇ ಮಾಡಿಬಿಟ್ಟೆನೇ, ಮಾಡದಿರುವುದೇ ಕಷ್ಟವೆನಿಸಿತೇ ಎಂಬಂತಹ ಪ್ರಶ್ನೆಗಳಿಗೆ ದಿನದಿನವೂ ಉತ್ತರ ಬರೆದರು. ಕೆಲಸವು ತಾನೇ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಕಾಲದ ಮಧ್ಯಾಂಕ (ಅರ್ಧದಷ್ಟು ಜನರಿಗೆ ಇದಕ್ಕಿಂತ ಕಡಿಮೆ, ಉಳಿದರ್ಧಕ್ಕೆ ಹೆಚ್ಚು) 66 ದಿನ. ಆದರೆ ಗಮನಿಸಬೇಕಾದದ್ದು ಈ 66 ಅಲ್ಲ, ಅದರ ಎರಡೂ ಬದಿಯ ಹರವು: ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರ ಗ್ರಾಫನ್ನು ಮುಂದಕ್ಕೆ ಎಳೆದು ನೋಡಿದಾಗ 254 ದಿನಗಳ ಅಂದಾಜು ಬಂತು. ತಿನ್ನುವ, ಕುಡಿಯುವ ವಿಷಯದ ಅಭ್ಯಾಸಗಳಿಗಿಂತ ವ್ಯಾಯಾಮಕ್ಕೆ ಸುಮಾರು ಒಂದೂವರೆ ಪಟ್ಟು ಕಾಲ ಹಿಡಿಯಿತು. ಆದ್ದರಿಂದ ನಿಮ್ಮ ನಡಿಗೆ ಮೂರು ತಿಂಗಳು ತೆಗೆದುಕೊಂಡದ್ದರಲ್ಲಿ ನಿಮ್ಮ ದೋಷವೇನೂ ಇಲ್ಲ.

ನೀವು ಗೊತ್ತಿಲ್ಲದೆಯೇ ಸರಿಯಾಗಿ ಮಾಡಿದ ಒಂದು ಕೆಲಸವಿದೆ. "ನಾಳೆಯಿಂದ ನಡೆಯುತ್ತೇನೆ" ಎನ್ನದೆ "ಮುಖ ತೊಳೆದ ಮೇಲೆ ನಡೆಯುತ್ತೇನೆ" ಎಂದಿರಿ. ಇಂಥದ್ದಾದಾಗ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗಂಟುಹಾಕಿಕೊಳ್ಳುವ ಈ ಬಗೆಯ ಯೋಜನೆಯನ್ನು ಪೀಟರ್ ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿ 1990ರ ದಶಕದಿಂದ ಪರೀಕ್ಷಿಸುತ್ತಾ ಬಂದಿದ್ದಾರೆ. 2006ರಲ್ಲಿ ಅವರೂ ಪಾಸ್ಕಲ್ ಶೀರನ್ ಅವರೂ ಇಂತಹ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರೀ ಗುರಿ ಇಟ್ಟುಕೊಂಡವರಿಗಿಂತ ಹೀಗೆ ಗಂಟುಹಾಕಿಕೊಂಡವರು ಗಣನೀಯವಾಗಿ ಹೆಚ್ಚು ಮಟ್ಟಿಗೆ ಕೆಲಸ ಪೂರೈಸಿದ್ದರು. ಮುಖದ ಮೇಲಿನ ನೀರು ಆರುವ ಮೊದಲೇ ಕಾಲು ಬಾಗಿಲ ಕಡೆಗೆ ಹೊರಟಿರುತ್ತದೆ. ಅಲ್ಲಿ ಚರ್ಚೆಗೆ ಎಡೆಯಿಲ್ಲ.

ಇನ್ನು ನಡಿಗೆ ಏಕೆ ಬೆಳೆಯಲಿಲ್ಲ ಎಂಬುದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನರವಿಜ್ಞಾನಿ ಆ್ಯನ್ ಗ್ರೇಬಿಯಲ್ ಅವರ ಪ್ರಯೋಗಾಲಯದಲ್ಲಿ ಇಲಿಗಳು ಕವಲುದಾರಿಯೊಂದರಲ್ಲಿ ಓಡಿ ತಿನಿಸು ಹುಡುಕುವುದನ್ನು ಕಲಿಯುವಾಗ, ಮಿದುಳಿನ ಒಳಭಾಗದ ಬೇಸಲ್ ಗ್ಯಾಂಗ್ಲಿಯಾದ ನರಕೋಶಗಳನ್ನು ದಾಖಲಿಸಿ ನೋಡಿದರು. ಕಲಿಯುವ ಮೊದಲ ದಿನಗಳಲ್ಲಿ ಓಟದುದ್ದಕ್ಕೂ ಕೋಶಗಳು ಚುರುಕಾಗಿದ್ದವು. ದಾರಿ ರೂಢಿಯಾದ ಮೇಲೆ ಚಟುವಟಿಕೆ ಓಟದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಮಾತ್ರ ಎದ್ದು ಕಾಣಿಸಿತು, ನಡುವಿನ ಭಾಗ ತಣ್ಣಗಾಯಿತು. ಇಲಿಯಿಂದ ಮನುಷ್ಯನಿಗೆ ನೇರವಾಗಿ ಜಿಗಿಯಬಾರದು ನಿಜ, ಆದರೂ ಇದು ನಿಮ್ಮ ಅನುಭವಕ್ಕೆ ಹೊಂದುವ ಚಿತ್ರವೆಂದು ನನಗೆ ಅನಿಸುತ್ತದೆ. ರೂಢಿಯಾಗುವುದು ಎಂದರೆ ಗಮನ ಬೇಡವಾಗುವುದು. ಗಮನ ಬೇಡವಾದದ್ದು ಉಳಿದುಕೊಳ್ಳುತ್ತದೆ, ಆದರೆ ಅದೇ ಕಾರಣಕ್ಕೆ ತಿದ್ದುಪಡಿಯೂ ನಿಂತುಹೋಗುತ್ತದೆ. ನಿಮ್ಮ ನಡಿಗೆ ಕೆಟ್ಟಿದ್ದಕ್ಕೆ ನಿಂತದ್ದಲ್ಲ, ಪೂರ್ತಿಯಾಗಿ ಅಭ್ಯಾಸವಾದದ್ದಕ್ಕೇ ನಿಂತಿದೆ.

ಉತ್ತರ 2: ಪೆಟ್ಟಿಗೆಯ ವಯೊಲಿನ್

ಕರಿಹಲಗೆಯವರ ಕೊನೆಯ ಸಾಲನ್ನು ನಾನು ಎರಡು ವರ್ಷ ಕೊಟ್ಟು ಕಲಿತೆ. ಹೇಳಿಕೊಳ್ಳಲು ಸ್ವಲ್ಪ ಸಂಕೋಚವಾದರೂ ಬರೆಯುತ್ತೇನೆ.

ಚಿಕ್ಕಂದಿನಲ್ಲಿ ಕಲಿತು ಬಿಟ್ಟಿದ್ದ ವಯೊಲಿನ್ ಮಂಚದ ಕೆಳಗೆ ಪೆಟ್ಟಿಗೆಯಲ್ಲಿತ್ತು. ಮತ್ತೆ ನುಡಿಸಬೇಕೆಂಬ ಆಸೆ ಪ್ರತಿದಿನವೂ ಇರುತ್ತಿತ್ತು, ಆದರೆ ಬಗ್ಗಿ ಪೆಟ್ಟಿಗೆ ಎಳೆಯಬೇಕು, ಧೂಳು ಒರೆಸಬೇಕು, ಎರಡು ಬೀಗದ ಚಿಲಕ ತೆಗೆಯಬೇಕು, ಕಮಾನಿನ ತಿರುಪು ಬಿಗಿಮಾಡಬೇಕು, ರೋಸಿನ್ ಹಚ್ಚಬೇಕು, ಶ್ರುತಿ ಮಾಡಬೇಕು. ಒಟ್ಟು ಐದು ನಿಮಿಷದ ಕೆಲಸ. ಆ ಐದು ನಿಮಿಷ ಏಳು ವರ್ಷ ನನ್ನನ್ನು ತಡೆದು ನಿಲ್ಲಿಸಿತ್ತು. ಒಂದು ದಿನ ಗೋಡೆಗೆ ಎರಡು ಮೊಳೆ ಹೊಡೆದು, ವಯೊಲಿನನ್ನೂ ಕಮಾನನ್ನೂ ಕೈಗೆಟಕುವಂತೆ ನೇತುಹಾಕಿದೆ. ಅಂದಿನಿಂದ ದಿನಕ್ಕೆ ಹದಿನೈದು ನಿಮಿಷ ತಪ್ಪಲಿಲ್ಲ. ನನ್ನ ಮನೋಬಲ ಮೊಳೆ ಹೊಡೆಯುವ ಹಿಂದಿನ ದಿನ ಎಷ್ಟಿತ್ತೋ ಮರುದಿನವೂ ಅಷ್ಟೇ ಇತ್ತು ಎಂಬುದನ್ನು ಒತ್ತಿ ಹೇಳಬೇಕು.

ಎರಡು ವರ್ಷವಾದ ಮೇಲೆ ಹಳೆಯ ಗುರುಗಳ ಮುಂದೆ ನುಡಿಸುವ ಸಂದರ್ಭ ಬಂತು. ಅವರು ಕಣ್ಣುಮುಚ್ಚಿ ಪೂರ್ತಿ ಕೇಳಿದರು. ಬಳಿಕ, "ತಪ್ಪುಗಳನ್ನೂ ಚೆನ್ನಾಗಿ ಅಭ್ಯಾಸ ಮಾಡಿದ್ದೀಯ" ಎಂದರು. ಎಡಗೈ ಮೇಲಿನ ಸ್ಥಾನಕ್ಕೆ ಜಾರುವಾಗ ಕಿರುಬೆರಳು ತಂತಿಯ ಮೇಲೆ ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು, ಸ್ವರ ತುಸು ಇಳಿಯುತ್ತಿತ್ತು. ಏಳುನೂರು ದಿನ ಅದೇ ಮೂರು ಕೃತಿಗಳನ್ನು ನುಡಿಸಿ, ಆ ಇಳಿದ ಸ್ವರವನ್ನೇ ಬೆರಳಿಗೆ ಖಾಯಂ ಮಾಡಿಕೊಂಡಿದ್ದೆ.

ನಮ್ಮ ಭಾಷೆಯಲ್ಲಿ ಅಭ್ಯಾಸ ಎಂಬ ಒಂದೇ ಪದ ಎರಡು ಹೊರೆಗಳನ್ನು ಹೊರುತ್ತದೆ. ಯೋಚನೆಯಿಲ್ಲದೆ ನಡೆದುಹೋಗುವ ರೂಢಿಯೂ ಅಭ್ಯಾಸವೇ, ಕಿವಿಗೊಟ್ಟು ತಿದ್ದಿ ತಿದ್ದಿ ಕಲಿಯುವುದೂ ಅಭ್ಯಾಸವೇ. ನಾನು ಮೊದಲನೆಯದನ್ನು ಮಾಡುತ್ತಾ ಎರಡನೆಯದರ ಫಲಕ್ಕಾಗಿ ಕಾದಿದ್ದೆ. ಮನೋವಿಜ್ಞಾನಿ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಹೋದ್ಯೋಗಿಗಳು ಬರ್ಲಿನ್ನಿನ ಸಂಗೀತ ವಿದ್ಯಾರ್ಥಿಗಳ ಕುರಿತು 1993ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವೂ ಈ ಭೇದದ ಮೇಲೆಯೇ ನಿಂತಿದೆ. ಅದನ್ನು ಜನ ಗಂಟೆಗಳ ಲೆಕ್ಕವಾಗಿ ನೆನಪಿಟ್ಟುಕೊಂಡರು. ಆದರೆ ಅವರು ಎಣಿಸಿದ್ದು ನುಡಿಸಿದ ಎಲ್ಲ ಗಂಟೆಗಳನ್ನಲ್ಲ, ಕೊರತೆಯೊಂದನ್ನು ಸರಿಪಡಿಸಲೆಂದೇ ಏಕಾಂತದಲ್ಲಿ ಕುಳಿತ ಗಂಟೆಗಳನ್ನು.

ಈಗಲೂ ನನ್ನ ಕಾಲ ಹದಿನೈದೇ ನಿಮಿಷ. ಮೊದಲ ಹತ್ತರಲ್ಲಿ ಎರಡೇ ಸಾಲುಗಳನ್ನು, ಲಯ ಹಿಡಿದುಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 50 ಬಡಿತಕ್ಕೆ ಇಟ್ಟು, ಬೇಸರವಾಗುವಷ್ಟು ನಿಧಾನವಾಗಿ ನುಡಿಸುತ್ತೇನೆ. ಕೊನೆಯ ಐದು ನಿಮಿಷ ಮನಸ್ಸಿಗೆ ಬಂದದ್ದು. ಕಿರುಬೆರಳು ಸರಿಹೋಗಲು ಐದು ತಿಂಗಳಾಯಿತು. ಕಲಿತದ್ದಕ್ಕಿಂತ ಮರೆಯಿಸುವುದಕ್ಕೆ ಹೆಚ್ಚು ಶ್ರಮ ಹಿಡಿಯುತ್ತದೆ ಎಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ.

ನಿಮ್ಮ ಓದು ಏಕೆ ಫಲಿಸಿತು ಎಂದರೆ, ಪುಸ್ತಕವೇ ನಿಮ್ಮ ಗಮನವನ್ನು ಬೇಡುತ್ತದೆ. ಪ್ರತಿ ಪುಟವೂ ಹೊಸದು, ಹೊಸ ಪುಸ್ತಕ ಹಿಂದಿನದಕ್ಕಿಂತ ಬೇರೆ. ನಡಿಗೆಯ ದಾರಿ ನಿಮ್ಮನ್ನು ಏನನ್ನೂ ಕೇಳುವುದಿಲ್ಲ.

ಉತ್ತರ 3: ಕೂಡಿಸುಕಳೆ

ಆ 37ರ ಲೆಕ್ಕದ ಬಗ್ಗೆ ಮಾತ್ರ ನನ್ನ ಮಾತು.

ಗಣಿತ ಸರಿಯಾಗಿಯೇ ಇದೆ. 1.01 ಅನ್ನು 365 ಸಲ ಗುಣಿಸಿದರೆ 37.78 ಬರುತ್ತದೆ, 0.99 ಅನ್ನು ಅಷ್ಟೇ ಸಲ ಗುಣಿಸಿದರೆ 0.03ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಚಕ್ರಬಡ್ಡಿಯ ಈ ಸೂತ್ರ ನಿಮ್ಮ ನಡಿಗೆಗೆ ಅನ್ವಯಿಸಬೇಕಾದರೆ, ನೀವು ಪ್ರತಿದಿನವೂ ಹಿಂದಿನ ದಿನಕ್ಕಿಂತ ಶೇಕಡಾ ಒಂದರಷ್ಟು ಹೆಚ್ಚು ನಡೆಯಬೇಕಿತ್ತು. ಹಾಗೆ ನಡೆದಿದ್ದರೆ ಮೊದಲ ದಿನದ ಹತ್ತು ನಿಮಿಷ ವರ್ಷದ ಕೊನೆಗೆ 378 ನಿಮಿಷವಾಗುತ್ತಿತ್ತು, ಅಂದರೆ ದಿನಕ್ಕೆ ಆರು ಗಂಟೆ ಹದಿನೆಂಟು ನಿಮಿಷ. ಕೆಲಸ ಬಿಟ್ಟು ನಡೆಯುತ್ತಲೇ ಇರಬೇಕಾಗುತ್ತಿತ್ತು! ಮೈಯಾಗಲಿ ಮನಸ್ಸಾಗಲಿ ಬಡ್ಡಿಯ ಖಾತೆಯಲ್ಲ. ಆರಂಭದಲ್ಲಿ ಬೇಗ ಮೇಲೇರಿ, ಬರಬರುತ್ತಾ ಮಟ್ಟಸವಾಗುವುದು ಕಲಿಕೆಯ ಸಾಮಾನ್ಯ ಸ್ವಭಾವ. ಕರಿಹಲಗೆಯವರು ಹೇಳಿದ ಲಂಡನ್ ಅಧ್ಯಯನದ ಗ್ರಾಫ್ ಕೂಡ ಹಾಗೆಯೇ ಬಾಗುತ್ತದೆ.

ನಮ್ಮ ಹಿರಿಯರು ಇದನ್ನು ಹೆಚ್ಚು ಪ್ರಾಮಾಣಿಕವಾಗಿ ಹೇಳಿದ್ದಾರೆ: ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ. ಗಮನಿಸಿ, ಗೂಡಿದರೆ ಎಂದರೇ ಹೊರತು ಗುಣಿಸಿದರೆ ಎನ್ನಲಿಲ್ಲ. ದಿನಕ್ಕೆ ಹತ್ತು ನಿಮಿಷವೆಂದರೆ ವರ್ಷಕ್ಕೆ 3,650 ನಿಮಿಷ, ಸುಮಾರು 61 ಗಂಟೆ. ಕೂಡಿಸುವ ಲೆಕ್ಕದಲ್ಲಿ ಇದು ಕಡಿಮೆಯಲ್ಲ, ಆದರೆ ಆ 61 ಗಂಟೆ ಎಲ್ಲಿಗೆ ಸಂದಾಯವಾಗುತ್ತದೆ ಎಂಬುದು ಮುಖ್ಯ. ಬರವಣಿಗೆಯಂತಹ ಕೆಲಸದಲ್ಲಿ ನಿನ್ನೆ ಬರೆದದ್ದು ಹಾಳೆಯ ಮೇಲೆ ಉಳಿದಿರುತ್ತದೆ. ಇಂಗ್ಲಿಷ್ ಕಾದಂಬರಿಕಾರ ಆ್ಯಂತೊನಿ ಟ್ರೊಲೊಪ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ, ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆಯುವ ನಿಯಮ ಇಟ್ಟುಕೊಂಡಿದ್ದರು; ಅವರ ಕಾದಂಬರಿಗಳ ಸಂಖ್ಯೆ 47. ಇನ್ನೊಂದು ವಿಷಯವನ್ನೂ ಅವರೇ ಬರೆದುಕೊಂಡಿದ್ದಾರೆ: ತಮ್ಮನ್ನು ಎಬ್ಬಿಸುವುದಕ್ಕೆಂದೇ ಹಳೆಯ ಸೇವಕನೊಬ್ಬನಿಗೆ ಪ್ರತ್ಯೇಕವಾಗಿ ಹಣ ಕೊಡುತ್ತಿದ್ದರು. ಅಷ್ಟು ಬರೆದ ಮನುಷ್ಯನೂ ಬೆಳಗಿನ ತನ್ನನ್ನು ತಾನೇ ನಂಬಿರಲಿಲ್ಲ ಎಂಬುದು ನನಗಂತೂ ಸಮಾಧಾನದ ಸಂಗತಿ.

ಮೈಯ ಲೆಕ್ಕ ಹಾಗಲ್ಲ. ಹೊರಿಸಿದ ಭಾರಕ್ಕೆ ತಕ್ಕಷ್ಟು ಅದು ಹೊಂದಿಕೊಳ್ಳುತ್ತದೆ, ಹೊಂದಿಕೊಂಡ ಮೇಲೆ ಅಲ್ಲಿಗೇ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ಚಟುವಟಿಕೆಯನ್ನು ಸೂಚಿಸುತ್ತದೆ. ನಿಮ್ಮದು 70 ನಿಮಿಷ. ಏನೂ ಮಾಡದಿರುವುದಕ್ಕಿಂತ ಒಳ್ಳೆಯದೆಂದು ಅದೇ ಮಾರ್ಗಸೂಚಿ ಹೇಳುತ್ತದೆಯಾದರೂ, ಮೂರನೆಯ ಮಹಡಿಯ ಏದುಸಿರನ್ನು ಇಳಿಸಲು ಸಾಲದು. ಕಾಲ ಹೆಚ್ಚಿಸಲು ಇಷ್ಟವಿಲ್ಲದಿದ್ದರೆ ಹತ್ತರಲ್ಲಿ ಎರಡು ನಿಮಿಷವನ್ನಾದರೂ ಮಾತನಾಡಲು ಕಷ್ಟವಾಗುವಷ್ಟು ಬಿರುಸಾಗಿ ನಡೆಯಿರಿ, ಮುಂದಿನ ತಿಂಗಳು ಮೂರು ಮಾಡಿ. ಅಷ್ಟಾದರೂ ಏದುಸಿರು ಕಡಿಮೆಯಾಗದಿದ್ದರೆ ಅದು ಅಭ್ಯಾಸದ ಪ್ರಶ್ನೆಯಲ್ಲ, ವೈದ್ಯರಿಗೆ ತೋರಿಸಬೇಕಾದ ಪ್ರಶ್ನೆ.

ಉತ್ತರ 4: ಹಿಂಬಾಗಿಲು

ಮೇಲಿನ ಮೂವರೂ ನಡಿಗೆ ಮತ್ತು ಓದಿನ ಬಗ್ಗೆ ಬರೆದರು. ನನ್ನ ಆಸಕ್ತಿ ಆ ಒಂದು ಸಾಲಿನ ನೋಟ್‌ಬುಕ್ಕಿನ ಮೇಲೆ. ಆದರೆ ಅದಕ್ಕೆ ಮೊದಲು, ದಿನ ತಪ್ಪುವುದರ ಬಗ್ಗೆ ಒಂದು ಮಾತು, ಏಕೆಂದರೆ ಇಂದಲ್ಲ ನಾಳೆ ನಿಮಗೂ ಅದು ಎದುರಾಗುತ್ತದೆ.

ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿ ಅಭ್ಯಾಸದ ಕುರಿತು ಬರೆಯುತ್ತಾ, ಹೊಸ ಅಭ್ಯಾಸ ಬೇರೂರುವ ತನಕ ಒಂದೇ ಒಂದು ಅಪವಾದಕ್ಕೂ ಎಡೆಗೊಡಬಾರದು ಎಂದರು. ಜತನದಿಂದ ಸುತ್ತುತ್ತಿರುವ ದಾರದ ಉಂಡೆ ಕೈಜಾರಿದರೆ ಹೇಗೋ ಹಾಗೆ, ಒಂದು ಸಲ ಬಿದ್ದರೆ ಬಿಚ್ಚಿಕೊಂಡದ್ದನ್ನು ಮತ್ತೆ ಸುತ್ತಲು ಎಷ್ಟೋ ಸುತ್ತು ಬೇಕು ಎಂಬುದು ಅವರ ಹೋಲಿಕೆ. ಹೋಲಿಕೆ ಸುಂದರವಾಗಿದೆ, ಆದರೆ ಅಳೆದು ನೋಡಿದಾಗ ಹಾಗೆ ಕಾಣಲಿಲ್ಲ. ಲ್ಯಾಲಿಯವರ ಅಧ್ಯಯನದಲ್ಲಿ ನಡುವೆ ಒಂದು ಅವಕಾಶ ತಪ್ಪಿದ್ದು ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂತಹ ಅಡ್ಡಿಯಾಗಿರಲಿಲ್ಲ. ನಾನಾದರೋ ಜೇಮ್ಸ್ ಅವರ ಶಿಷ್ಯನಂತೆಯೇ ಬದುಕಿದವನು. ಫೋನಿನ ಆ್ಯಪ್ ಒಂದರಲ್ಲಿ 212 ದಿನ ಸರಪಳಿ ಕಡಿಯದಂತೆ ಕಸರತ್ತು ಮಾಡಿದೆ. 213ನೆಯ ರಾತ್ರಿ ಮಗಳಿಗೆ ಜ್ವರ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕಳೆಯಿತು. ಬೆಳಿಗ್ಗೆ ಆ್ಯಪ್ ತೆರೆದರೆ ಸೊನ್ನೆ. ಆ ಸೊನ್ನೆಯನ್ನು ನೋಡಿ ಉಂಟಾದ ಮುನಿಸಿನಲ್ಲಿ ಐದು ತಿಂಗಳು ಕಸರತ್ತನ್ನೇ ಬಿಟ್ಟೆ. ನಾನು ಬೆಳೆಸಿಕೊಂಡದ್ದು ಕಸರತ್ತಿನ ಅಭ್ಯಾಸವಲ್ಲ, ಸಂಖ್ಯೆ ಕಾಯುವ ಅಭ್ಯಾಸ ಎಂಬುದು ಆಗ ಗೊತ್ತಾಯಿತು. ಈಗ ಆ್ಯಪ್ ಇಲ್ಲ.

ನಿಮ್ಮ ನೋಟ್‌ಬುಕ್ಕಿಗೆ ಬರುತ್ತೇನೆ. ಚಿಕ್ಕ ಅಭ್ಯಾಸದ ಬಗ್ಗೆ ಯಾರೂ ಎಚ್ಚರಿಸದ ಒಂದು ಅಪಾಯವೆಂದರೆ, ಅದು ಅಡಗಿಕೊಳ್ಳಲು ಒಳ್ಳೆಯ ಜಾಗ. ನಾನೂ ಮೂರು ವರ್ಷ ದಿನಕ್ಕೊಂದು ಸಾಲು ಬರೆದವನು. ಅಣ್ಣನೊಂದಿಗೆ ಮಾತು ಬಿಟ್ಟಿದ್ದ ಕಾಲವದು. "ಇವತ್ತು ಅಣ್ಣನ ನೆನಪಾಯಿತು" ಎಂದು ಬರೆದು, ಏನೋ ಮಾಡಿದೆನೆಂಬ ನೆಮ್ಮದಿಯಲ್ಲಿ ಮಲಗುತ್ತಿದ್ದೆ. ಒಂದು ಮಳೆಗಾಲದ ರಜೆಯಲ್ಲಿ ಸುಮ್ಮನೆ ಕುಳಿತು ಮೊದಲಿನಿಂದ ಓದಿದಾಗ ಆ ಸಾಲು, ಪದಗಳು ಅಷ್ಟಿಷ್ಟು ಬದಲಾಗಿ, 64 ಕಡೆ ಸಿಕ್ಕಿತು. ಅರವತ್ತನಾಲ್ಕು ಸಲ ನೆನಪಾದವನಿಗೆ ಒಂದು ಸಲವೂ ಫೋನ್ ಮಾಡಿರಲಿಲ್ಲ. ಅಂದೇ ಸಂಜೆ ಮಾಡಿದೆ. ಮಾತು ಸಲೀಸಾಗಿ ಆಗಲಿಲ್ಲ, ಎರಡನೆಯ ಸಲವೂ ಆಗಲಿಲ್ಲ. ಆ ಕಥೆ ಇಲ್ಲಿ ಬೇಡ.

ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ವಿವರಿಸುವ ಪುಸ್ತಿಕೆ ನೆನಪಾಗುತ್ತದೆ. ಹದಿಮೂರು ಗುಣಗಳು, ವಾರಕ್ಕೊಂದರ ಮೇಲೆ ವಿಶೇಷ ನಿಗಾ, ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಪ್ರತಿ ಗುಣಕ್ಕೂ ವಾರದ ಏಳು ಮನೆಗಳು, ತಪ್ಪಿದ ದಿನ ಆ ಮನೆಯಲ್ಲಿ ಒಂದು ಕಪ್ಪು ಚುಕ್ಕೆ. ಅಚ್ಚುಕಟ್ಟು ಎಂಬ ಗುಣದಲ್ಲಿ ತಾವು ಕೊನೆಯವರೆಗೂ ಸೋತೆವೆಂದು ಅವರು ಒಪ್ಪಿಕೊಳ್ಳುತ್ತಾರೆ. ಚುಕ್ಕೆ ಇಡುವುದು ಕ್ಷಣದ ಕೆಲಸ, ಆದರೆ ಅವರು ಆ ಚುಕ್ಕೆಗಳನ್ನು ಸಾಲಾಗಿ ನೋಡುತ್ತಿದ್ದರು. ನೀವು ಹದಿನಾಲ್ಕು ತಿಂಗಳಿಂದ ಬರೆದಿದ್ದೀರಿ, ಒಮ್ಮೆಯಾದರೂ ಓದಿದ್ದೀರಾ?

ಎರಡುಪುಟ (ಪ್ರಶ್ನೆ ಕೇಳಿದವರು), ಹನ್ನೆರಡು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಹಿಂಬಾಗಿಲು ಅವರ ಕೊನೆಯ ಪ್ರಶ್ನೆಗೆ ಉತ್ತರ "ಇಲ್ಲ" ಎಂದಾಗಿತ್ತು. ಅದನ್ನು ಹಾಗೆಯೇ ಬರೆಯಲು ಮನಸ್ಸಾಗದೆ ರಜಾದಿನ ನೋಟ್‌ಬುಕ್ ತೆರೆದು ಕುಳಿತೆ.

ಒಟ್ಟು 391 ಸಾಲುಗಳಿದ್ದವು. "ನಿದ್ದೆ ಸಾಲಲಿಲ್ಲ" ಎಂಬ ಅರ್ಥದವು 143. ಇಷ್ಟೊಂದು ಇರಬಹುದೆಂದು ಊಹಿಸಿಯೇ ಇರಲಿಲ್ಲ. ಅವುಗಳ ದಿನಾಂಕಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡೆ. ಪುಸ್ತಕ ಮುಗಿಸಿದ ದಿನಾಂಕವನ್ನು ಕೊನೆಯ ಪುಟದಲ್ಲಿ ಬರೆದಿಡುವ ರೂಢಿ ನನಗಿರುವುದರಿಂದ ಅವನ್ನೂ ಪಕ್ಕದಲ್ಲಿ ಜೋಡಿಸಿದೆ. ನಿದ್ದೆಯ ದೂರು ಒತ್ತೊತ್ತಾಗಿ ಬರುವುದು ಪ್ರತಿ ಪುಸ್ತಕದ ಕೊನೆಯ ವಾರದಲ್ಲಿ. ಹನ್ನೊಂದರಲ್ಲಿ ಒಂಬತ್ತು ಪುಸ್ತಕಗಳಿಗೆ ಇದು ಹೊಂದಿತು. ಎರಡು ಪುಟ ಇಪ್ಪತ್ತಾಗುತ್ತಿದ್ದ ರಾತ್ರಿಗಳೇ ಅವು. ಮರುದಿನ ಬೆಳಿಗ್ಗೆ ನಾನು ನಡೆಯುತ್ತಿದ್ದದ್ದು ಅರೆನಿದ್ದೆಯಲ್ಲಿ ಕಾಲೆಳೆದುಕೊಂಡು. ಅದು ಹತ್ತು ನಿಮಿಷಕ್ಕಿಂತ ಹೆಚ್ಚಾಗದಿದ್ದುದರಲ್ಲಿ ಏನು ಆಶ್ಚರ್ಯ?

ಮೂರನ್ನೂ ಬೇರೆ ಬೇರೆ ಎಂದು ಭಾವಿಸಿ ಪ್ರಶ್ನೆ ಕೇಳಿದ್ದೆ. ನನ್ನ ಹೆಮ್ಮೆಯ ಅಭ್ಯಾಸ ಇನ್ನೊಂದರ ಪಾಲನ್ನು ತಿನ್ನುತ್ತಿತ್ತು, ಮೂರನೆಯದು ಅದನ್ನು 143 ಸಲ ಹೇಳುತ್ತಿತ್ತು, ನಾನು ಬರೆದು ಮುಚ್ಚಿಡುತ್ತಿದ್ದೆ. ಶಾಸ್ತ್ರವೆಂದು ಇದನ್ನೇ ಕರೆದದ್ದು ನನ್ನ ತಪ್ಪು.

ಓದನ್ನು ಬಿಡುವ ಮನಸ್ಸಿಲ್ಲ. ವಯೊಲಿನ್ ಅವರ ಮೊಳೆಯ ಮಾತು ನೆನಪಿಟ್ಟು, ಪುಸ್ತಕವನ್ನು ಹಾಸಿಗೆಯ ಪಕ್ಕದಿಂದ ತೆಗೆದು, ಸಂಜೆ ಕೆಲಸದಿಂದ ಬಂದು ಚೀಲ ಇಡುವ ಮೇಜಿನ ಮೇಲೆ ಇಟ್ಟಿದ್ದೇನೆ. ಚೀಲ ಕೆಳಗಿಟ್ಟ ಮೇಲೆ ಓದು, ಎಂಬುದು ಹೊಸ ಗಂಟು. ನಡಿಗೆಯಲ್ಲಿ ಎರಡು ನಿಮಿಷ ಬಿರುಸು ಸೇರಿಸಿದ್ದೇನೆ. ಆ ಎರಡು ನಿಮಿಷ ಎಷ್ಟು ಉದ್ದ ಎಂಬುದು ನನಗೆ ತಿಳಿದಿರಲಿಲ್ಲ. ನೋಟ್‌ಬುಕ್ಕನ್ನು ತಿಂಗಳ ಮೊದಲ ಭಾನುವಾರ ಓದುವುದೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ಒಂದು ಸಂದೇಹ ಉಳಿದಿದೆ. ಹಳೆಯ ಜಾಗದ ಎಳೆತ ಇನ್ನೂ ಹೋಗಿಲ್ಲ. ರಾತ್ರಿ ಹಾಸಿಗೆಗೆ ಬಂದೊಡನೆ ಕೈ ತಾನಾಗಿಯೇ ಪಕ್ಕದ ಸ್ಟೂಲಿನ ಮೇಲೆ ಪುಸ್ತಕ ತಡವುತ್ತದೆ. ಇದು ಎಷ್ಟು ದಿನ ಇರುತ್ತದೆ?

ಕರಿಹಲಗೆ

ಅಷ್ಟು ಬೇಗ ಹೋಗುವುದಿಲ್ಲ. ಹಳೆಯ ಅಭ್ಯಾಸ ಅಳಿಸಿಹೋಗುವುದಕ್ಕಿಂತ, ಅದನ್ನು ಎಬ್ಬಿಸುವ ಸಂದರ್ಭ ಸಿಗದೆ ಸುಮ್ಮನಿರುತ್ತದೆ ಎನ್ನುವುದು ಹೆಚ್ಚು ಸರಿ. ಮನೋವಿಜ್ಞಾನಿ ವೆಂಡಿ ವುಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಸೇರಿಕೊಂಡ ವಿದ್ಯಾರ್ಥಿಗಳ ವ್ಯಾಯಾಮ, ಪತ್ರಿಕೆ ಓದು, ಟಿವಿ ನೋಡುವಿಕೆಯ ಅಭ್ಯಾಸಗಳು, ಸುತ್ತಲಿನ ಸಂದರ್ಭ ಮೊದಲಿನಂತೆಯೇ ಉಳಿದಲ್ಲಿ ಮುಂದುವರಿದವು, ಬದಲಾದಲ್ಲಿ ಸಡಿಲಗೊಂಡವು. ನೀವು ಮನೆ ಬದಲಿಸಬೇಕಿಲ್ಲ. ಆ ಸ್ಟೂಲನ್ನು ಮಂಚದ ಇನ್ನೊಂದು ಬದಿಗೆ ಇಟ್ಟು ನೋಡಿ.

ಎರಡುಪುಟ

ಸ್ಟೂಲನ್ನು ಕೋಣೆಯ ಹೊರಗೇ ಇಟ್ಟೆ. ಇಂದಿಗೆ ಒಂಬತ್ತು ಸಂಜೆಗಳಾದವು, ಅದರಲ್ಲಿ ನಾಲ್ಕು ಸಂಜೆ ಚೀಲವನ್ನು ಪುಸ್ತಕದ ಮೇಲೆಯೇ ಇಟ್ಟು ಮರೆತುಬಿಟ್ಟಿದ್ದೇನೆ. ಆ ನಾಲ್ಕನ್ನೂ ಸಾಲಿನಲ್ಲಿ ಬರೆದಿಟ್ಟಿದ್ದೇನೆ.